ಮುದಿ ಕುದುರೆಯ ಕರಾರು: 1884ರ ಪ್ರಾವಿಡೆನ್ಸ್ ಪ್ರಕರಣ

1884ರ ಜುಲೈ 22, ಮಂಗಳವಾರ. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್‌ನಲ್ಲಿ, ಮೆಸ್ಸರ್ ಸ್ಟ್ರೀಟ್ ಮೈದಾನದಲ್ಲಿ ಬೇಸ್‌ಬಾಲ್ ನಡೆಯುತ್ತಿದೆ. ಏಳು ಇನಿಂಗ್ಸ್ ಮುಗಿದಿವೆ. ಊರಿನ ತಂಡ ಗ್ರೇಸ್, ಫಿಲಡೆಲ್ಫಿಯಾ ಎದುರು 6-2ರಿಂದ ಮುಂದಿದೆ. ಚೆಂಡು ಎಸೆಯುತ್ತಿರುವವನು ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಇಪ್ಪತ್ತೊಂದರ ಹುಡುಗ ಚಾರ್ಲಿ ಸ್ವೀನಿ. ಪಂದ್ಯ ಹೇಗೂ ಕೈಯಲ್ಲಿದೆ, ಇವನ ತೋಳಿಗೆ ಸ್ವಲ್ಪ ಬಿಡುವು ಸಿಗಲಿ ಅಂದುಕೊಂಡ ಮ್ಯಾನೇಜರ್ ಫ್ರಾಂಕ್ ಬ್ಯಾಂಕ್ರಾಫ್ಟ್, ನೀನು ಹೊರಮೈದಾನದ ಬಲಬದಿಗೆ, ರೈಟ್ ಫೀಲ್ಡಿಗೆ, ಹೋಗು, ಅಲ್ಲಿರುವ ಸೈಕ್ಲೋನ್ ಮಿಲ್ಲರ್ ಬಂದು ಎಸೆಯಲಿ ಎಂದು ಹೇಳಿದ. ಸ್ವೀನಿ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಹೊಟ್ಟೆಯೊಳಗೆ ಹೆಂಡವೂ ಇತ್ತು. ಬಾಯಿಗೆ ಬಂದಂತೆ ಬೈದು, ಆಟದ ಬಟ್ಟೆ ಕಳಚಿ, ಮೈದಾನ ಬಿಟ್ಟು ಹೊರಟೇಬಿಟ್ಟ.

ಆಗಿನ ನಿಯಮದ ಪ್ರಕಾರ ಗಾಯವಾದರೆ ಹೊರತು ಬದಲಿ ಆಟಗಾರನನ್ನು ಇಳಿಸುವ ಹಾಗಿಲ್ಲ. ಬ್ಯಾಂಕ್ರಾಫ್ಟ್ ಪಿಚರ್‌ನನ್ನು, ಅಂದರೆ ಚೆಂಡೆಸೆಯುವವನನ್ನು, ಹೊರಗೆ ಕೂರಿಸದೆ ರೈಟ್ ಫೀಲ್ಡಿಗೆ ಕಳಿಸಲು ನೋಡಿದ್ದೂ ಅದಕ್ಕೇ. ಈಗ ಗ್ರೇಸ್ ಒಂಬತ್ತರ ಬದಲು ಎಂಟೇ ಜನರಲ್ಲಿ ಆಡಬೇಕಾಯಿತು. ಮೂವರು ಕಾಯಬೇಕಾದ ಹೊರಮೈದಾನದಲ್ಲಿ ಇಬ್ಬರು. ಉಳಿದೆರಡು ಇನಿಂಗ್ಸ್‌ನಲ್ಲಿ ಫಿಲಡೆಲ್ಫಿಯಾ 8 ರನ್ ಬಾಚಿಕೊಂಡು 10-6ಕ್ಕೆ ಗೆದ್ದಿತು. ಅಂದೇ ಸ್ವೀನಿಯನ್ನು ತಂಡದಿಂದ ಕಿತ್ತುಹಾಕಲಾಯಿತು.

ತಂಡಕ್ಕೆ ಇನ್ನೊಬ್ಬ ಪಿಚರ್ ಇದ್ದ. ಅವನು ಆರು ದಿನಗಳಿಂದ ಸಂಬಳವಿಲ್ಲದ ಅಮಾನತಿನಲ್ಲಿ ಮನೆಯಲ್ಲಿ ಕೂತಿದ್ದ. ಹೆಸರು ಚಾರ್ಲ್ಸ್ ರಾಡ್‌ಬರ್ನ್. ಬೇಸ್‌ಬಾಲ್ ಚರಿತ್ರೆ ಅವನನ್ನು 'ಓಲ್ಡ್ ಹಾಸ್' ಎನ್ನುತ್ತದೆ, ಮುದಿ ಕುದುರೆ. ಆಗ ಅವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಬೇಸ್‌ಬಾಲ್‌ನಲ್ಲಿ ತಂಡದ ಗೆಲುವನ್ನು ಒಬ್ಬ ಪಿಚರ್‌ನ ಲೆಕ್ಕಕ್ಕೆ ಬರೆಯುತ್ತಾರೆ. ಆ ಋತುವಿನಲ್ಲಿ ರಾಡ್‌ಬರ್ನ್ ಹಾಗೆ ಗೆದ್ದ ಪಂದ್ಯಗಳು 59. ಕೆಲವು ಪುಸ್ತಕಗಳಲ್ಲಿ 60, ಆ ಲೆಕ್ಕಕ್ಕೆ ಆಮೇಲೆ ಬರುತ್ತೇನೆ. ಆ ಸಂಖ್ಯೆಯನ್ನು ಅಂದಿನಿಂದ ಯಾರೂ ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಒಂದೇ ಋತುವಿನಲ್ಲಿ 30 ಗೆದ್ದ ಕೊನೆಯ ಪಿಚರ್ ಡೆನ್ನಿ ಮೆಕ್‌ಲೇನ್, ಅದೂ 1968ರಲ್ಲಿ. ಇದನ್ನು ಎಲ್ಲರೂ ಉಕ್ಕಿನ ತೋಳಿನ ಕಥೆಯಾಗಿ ಹೇಳುತ್ತಾರೆ. ನನಗೆ ಕಾಣುವುದು ಒಂದು ಕೂಲಿ ಜಗಳ. ದಾಖಲೆ ಆ ಜಗಳದ ಉಪ ಉತ್ಪನ್ನ.

ಕಸಾಯಿಯವನ ಮಗ

ರಾಡ್‌ಬರ್ನ್ ಹುಟ್ಟಿದ್ದು 1854ರ ಡಿಸೆಂಬರ್ 11ರಂದು, ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ. ಬೆಳೆದದ್ದು ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್‌ನಲ್ಲಿ. ಅಪ್ಪ ಮಾಂಸದ ವ್ಯಾಪಾರಿ, ಮಗನೂ ಅದೇ ಕೆಲಸ ಮಾಡಿದ. ರೈಲಿನಲ್ಲಿ ಬ್ರೇಕ್‌ಮನ್ ಆಗಿಯೂ ದುಡಿದ. 1880ರಲ್ಲಿ ಬಫಲೋ ತಂಡ ಸೇರಿದವನು ತೋಳು ನೋವಿನಿಂದ ಒಂದು ಚೆಂಡನ್ನೂ ಪಿಚ್ ಮಾಡದೆ, ಆರೇ ಪಂದ್ಯಕ್ಕೆ ಮನೆಗೆ ಮರಳಿದ. ಮುಂದೆ ನಾಲ್ಕು ಸಾವಿರಕ್ಕೂ ಹೆಚ್ಚು ಇನಿಂಗ್ಸ್ ಎಸೆದ ತೋಳು ಶುರುವಿನಲ್ಲೇ ಕೈಕೊಟ್ಟಿತ್ತು ಎಂಬುದನ್ನು ಉಕ್ಕಿನ ತೋಳಿನ ಕಥೆಗಾರರು ಹಾರಿಸಿಬಿಡುತ್ತಾರೆ.

1881ರಲ್ಲಿ ಪ್ರಾವಿಡೆನ್ಸ್ ಸೇರಿದ ಮೇಲೆ ಹೆಸರು ಬಂತು. ಪಿಚ್ ಮಾಡದ ದಿನ ಹೊರಮೈದಾನದಲ್ಲಿ ನಿಲ್ಲುತ್ತಿದ್ದ. 1882ರ ಆಗಸ್ಟ್ 17ರಂದು ಡೆಟ್ರಾಯಿಟ್ ವಿರುದ್ಧ ಹಾಗೇ ರೈಟ್ ಫೀಲ್ಡಿನಲ್ಲಿದ್ದವನು, ಒಂಬತ್ತು ಇನಿಂಗ್ಸ್‌ಗೆ ತೀರ್ಮಾನವಾಗದೆ ಬೆಳೆದ ಪಂದ್ಯದ 18ನೇ ಇನಿಂಗ್ಸ್‌ನಲ್ಲಿ ಹೋಮ್ ರನ್ ಬಾರಿಸಿ ಪಂದ್ಯವನ್ನು 1-0ಗೆ ಮುಗಿಸಿದ. ಅಂದು ಹದಿನೆಂಟೂ ಇನಿಂಗ್ಸ್ ಎಸೆದವನು ಜಾನ್ ಮಾಂಟ್ಗೊಮರಿ ವಾರ್ಡ್. ಆ ಹೆಸರು ನೆನಪಿರಲಿ. 1883ರಲ್ಲಿ ರಾಡ್‌ಬರ್ನ್ 76 ಪಂದ್ಯಗಳಲ್ಲಿ ಪಿಚ್ ಮಾಡಿ 48 ಗೆದ್ದ. ಕ್ಲೀವ್‌ಲೆಂಡ್‌ಗೆ ಒಂದೂ ಹಿಟ್, ಅಂದರೆ ಫಲ ಕೊಡುವ ಹೊಡೆತ, ಕೊಡದೆ ಒಂದು ಪಂದ್ಯ ಮುಗಿಸಿದ. ಇಷ್ಟಾದರೂ ತಂಡ ಬಂದದ್ದು ಮೂರನೇ ಸ್ಥಾನಕ್ಕೆ.

ಸ್ವಭಾವ ಮಾತ್ರ ಸಿಡುಕು. ಯಾರ ಜೊತೆಗೂ ಹೆಚ್ಚು ಬೆರೆಯದವನು, ಕುಡಿಯುವವನು, ತಾನು ದುಡಿದದ್ದಕ್ಕೆ ತಕ್ಕ ಬೆಲೆ ಸಿಗುತ್ತಿಲ್ಲ ಎಂಬ ಕಹಿಯನ್ನು ಒಳಗೇ ಮೆಲುಕು ಹಾಕುತ್ತಿದ್ದವನು. ಕಹಿಗೆ ಕಾರಣವೂ ಇತ್ತು. 1879ರಲ್ಲಿ, ಪ್ರಾವಿಡೆನ್ಸ್ ಆಡುತ್ತಿದ್ದ ನ್ಯಾಷನಲ್ ಲೀಗಿನ ತಂಡಗಳ ಮಾಲೀಕರು ಒಳಗೊಳಗೇ ಒಂದು ಒಪ್ಪಂದ ಮಾಡಿಕೊಂಡಿದ್ದರು. ಪ್ರತಿ ತಂಡವೂ ಐವರು ಆಟಗಾರರನ್ನು 'ಕಾಯ್ದಿರಿಸಬಹುದು', ಅವರನ್ನು ಬೇರೆ ಯಾವ ತಂಡವೂ ಮಾತಾಡಿಸುವಂತಿಲ್ಲ. 1883ರ ಹೊತ್ತಿಗೆ ಐದು ಹನ್ನೊಂದಾಯಿತು, ಅಂದರೆ ಹೆಚ್ಚುಕಡಿಮೆ ಇಡೀ ತಂಡ. ಕರಾರು ಮುಗಿದರೂ ಆಟಗಾರ ಅದೇ ಮಾಲೀಕನ ಸೊತ್ತು. ಅವನು ಹೇಳಿದ ಸಂಬಳಕ್ಕೆ ಆಡು, ಇಲ್ಲವೇ ಮನೆಗೆ ಹೋಗು.

ಈ ಗೋಡೆಯಲ್ಲಿ 1884ರಲ್ಲಿ ಒಂದು ಬಿರುಕು ಬಿತ್ತು. ಸೇಂಟ್ ಲೂಯಿಸ್‌ನ ಸಿರಿವಂತ ಹೆನ್ರಿ ಲೂಕಸ್ 'ಯೂನಿಯನ್ ಅಸೋಸಿಯೇಷನ್' ಎಂಬ ಹೊಸ ಲೀಗ್ ಕಟ್ಟಿ, ನಿಮ್ಮ ಕಾಯ್ದಿರಿಸುವಿಕೆಯನ್ನು ನಾನು ಒಪ್ಪುವುದಿಲ್ಲ ಎಂದ. ಆ ಲೀಗ್ ಒಂದೇ ವರ್ಷ ಬದುಕಿತು. ನಮ್ಮ ಪ್ರಕರಣಕ್ಕೆ ಆ ಒಂದು ವರ್ಷವೇ ಸಾಕು.

ಒಂದು ನೊಗ, ಎರಡು ಪ್ರಾಣಿ

ಆಗ ತಂಡಗಳು ಒಬ್ಬರೋ ಇಬ್ಬರೋ ಪಿಚರ್‌ಗಳಲ್ಲಿ ಕಾಲ ಹಾಕುತ್ತಿದ್ದವು. ಆ ವಸಂತದಲ್ಲಿ ಕ್ಲೀವ್‌ಲೆಂಡ್‌ನಿಂದ ಪ್ರಾವಿಡೆನ್ಸ್‌ಗೆ ಹೊಸದಾಗಿ ಬಂದ ಬ್ಯಾಂಕ್ರಾಫ್ಟ್‌ಗೆ ಸಿಕ್ಕಿದ್ದು ಇಬ್ಬರು. ಜೂನ್ 7ರಂದು ಸ್ವೀನಿ ಬಾಸ್ಟನ್ ಬ್ಯಾಟರ್‌ಗಳನ್ನು 19 ಸಲ ಸ್ಟ್ರೈಕ್‌ಔಟ್ ಮಾಡಿದ, ಅಂದರೆ ಚೆಂಡು ಹೊಡೆಯಲು ಬಿಡದೆ ಔಟ್ ಮಾಡಿದ. ಒಂಬತ್ತು ಇನಿಂಗ್ಸ್‌ನ ಪಂದ್ಯದಲ್ಲಿ ಅದನ್ನು ಮೀರಲು 1986ರಲ್ಲಿ ರೋಜರ್ ಕ್ಲೆಮೆನ್ಸ್ ಬರಬೇಕಾಯಿತು. ಊರು ಹುಡುಗನನ್ನು ತಲೆಯ ಮೇಲೆ ಹೊತ್ತು ಮೆರೆಸಿತು. ಹಿಂದಿನ ವರ್ಷ 48 ಪಂದ್ಯ ಗೆದ್ದುಕೊಟ್ಟವನು ಮೂಲೆಯಲ್ಲಿ ನಿಂತು ನೋಡಿದ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಅನ್ನುವ ಸ್ಥಿತಿ. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರಾಗದು, ಅದನ್ನು ಮುಚ್ಚಿಡುವ ಸೌಜನ್ಯವೂ ಇಬ್ಬರಿಗೂ ಇಲ್ಲ.

ಬಳಿಕ ಸ್ವೀನಿಯ ತೋಳು ನೋಯತೊಡಗಿತು. ಭಾರವೆಲ್ಲ ರಾಡ್‌ಬರ್ನ್ ಮೇಲೆ ಬಿತ್ತು, ಆದರೆ ಸಂಬಳ ಹಳೆಯದೇ. ಜುಲೈ 16ರಂದು ಬಾಸ್ಟನ್ ವಿರುದ್ಧ ಅವನ ತಾಳ್ಮೆ ಕಟ್ಟೆಯೊಡೆಯಿತು. ಅಂಪೈರ್ ಮೇಲೂ ತನ್ನವರ ಮೇಲೂ ಸಿಟ್ಟಾಗಿ ಎಂಟನೇ ಇನಿಂಗ್ಸ್‌ನಲ್ಲಿ ಚೆಂಡನ್ನು ಎಲ್ಲೆಂದರಲ್ಲಿ ಎಸೆಯತೊಡಗಿದ. ಬ್ಯಾಟರ್ ಹಿಂದೆ ನಿಂತು ಚೆಂಡು ಹಿಡಿಯುವ ಕ್ಯಾಚರ್ ಬಾರ್ನಿ ಗಿಲ್ಲಿಗನ್‌ಗೆ ಹಿಡಿಯಲಾಗಲಿಲ್ಲ. ಬಾಸ್ಟನ್ ಗೆದ್ದಿತು. ಬೇಕೆಂದೇ ಸೋತಿದ್ದಾನೆ ಎಂಬ ಗುಸುಗುಸು ಎದ್ದಿತು. ಯೂನಿಯನ್ ಲೀಗಿಗೆ ಹಾರಲು ನೆಪ ಹುಡುಕುತ್ತಿದ್ದಾನೆ ಎಂದೂ ಜನ ಆಡಿಕೊಂಡರು. ನಿರ್ದೇಶಕರು ಅವನನ್ನು ಅಮಾನತು ಮಾಡಿದರು.

ಇಲ್ಲಿ ಆಡಳಿತ ಎಡವಿತು ಎಂದು ನನ್ನ ಅಭಿಪ್ರಾಯ. ಸ್ವೀನಿ ಇದ್ದಾನಲ್ಲ ಎಂಬ ಧೈರ್ಯದಲ್ಲಿ ಇವನಿಗೆ ಪಾಠ ಕಲಿಸಹೊರಟರು, ಕಲಿಸುವಾಗ ಸ್ವೀನಿಯ ತೋಳು, ಬಾಟಲಿ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆರೇ ದಿನಕ್ಕೆ ಸ್ವೀನಿಯೂ ಇಲ್ಲವಾದ. ಅವನು ನೇರವಾಗಿ ಲೂಕಸ್‌ನ ಸೇಂಟ್ ಲೂಯಿಸ್ ತಂಡ ಸೇರಿ ಅಲ್ಲಿ 24 ಪಂದ್ಯ ಗೆದ್ದ.

ಮಾತುಕತೆ

22ರ ರಾತ್ರಿ ನಿರ್ದೇಶಕರ ಮುಂದಿದ್ದ ಆಯ್ಕೆಗಳಲ್ಲಿ ತಂಡವನ್ನೇ ಮುಚ್ಚುವುದೂ ಒಂದಾಗಿತ್ತು. 1880ರ ಜನಗಣತಿಯಂತೆ ಪ್ರಾವಿಡೆನ್ಸ್‌ನಲ್ಲಿದ್ದವರು ಒಂದು ಲಕ್ಷದ ಮೇಲೆ ಕೆಲವು ಸಾವಿರ, ಅಷ್ಟೇ. ಬಾಸ್ಟನ್, ನ್ಯೂಯಾರ್ಕ್, ಷಿಕಾಗೋಗಳ ಎದುರು ಸಣ್ಣ ಊರು. ಪಿಚರ್‌ಗಳೇ ಇಲ್ಲದೆ ಅರ್ಧ ಋತು ತಳ್ಳುವುದು ದಿವಾಳಿಗೆ ನೇರ ದಾರಿ.

ಮೂಗು ಹಿಡಿದರೆ ಬಾಯಿ ತಾನೇ ತೆರೆಯುತ್ತದೆ. ಬ್ಯಾಂಕ್ರಾಫ್ಟ್ ರಾಡ್‌ಬರ್ನ್ ಬಳಿ ಹೋದ. ರಾಡ್‌ಬರ್ನ್ ಬೆಲೆ ಹೇಳಿದ: ಉಳಿದ ಪಂದ್ಯಗಳನ್ನು ನಾನೇ ಎಸೆಯುತ್ತೇನೆ, ಅದಕ್ಕೆ ಹೆಚ್ಚುವರಿ ಸಂಬಳ ಕೊಡಬೇಕು, ಋತು ಮುಗಿದ ದಿನ ನನ್ನನ್ನು ಕಾಯ್ದಿರಿಸುವಿಕೆಯಿಂದ ಬಿಡಬೇಕು.

ಎರಡನೇ ಷರತ್ತು ಮೊದಲನೆಯದಕ್ಕಿಂತ ದೊಡ್ಡದು. ಹಣ ಆ ವರ್ಷಕ್ಕೆ ಮಾತ್ರ. ಬಿಡುಗಡೆ ಸಿಕ್ಕರೆ ಮುಂದಿನ ವರ್ಷ ಯಾರ ಜೊತೆ ಬೇಕಾದರೂ ಚೌಕಾಶಿ ಮಾಡಬಹುದು, ಆ ಕಾಲದ ಯಾವ ಆಟಗಾರನಿಗೂ ಸುಲಭಕ್ಕೆ ಸಿಗದ ಭಾಗ್ಯ. ಲೂಕಸ್‌ನ ಲೀಗ್ ಇರದಿದ್ದರೆ ಈ ಮಾತನ್ನು ಬಾಯಿಬಿಟ್ಟು ಕೇಳುವ ಧೈರ್ಯ ಅವನಿಗೆ ಬರುತ್ತಿತ್ತೇ? ನನಗೆ ಅನುಮಾನ. ನಿರ್ದೇಶಕರು ಒಪ್ಪಿದರು. 23ರಂದು ಅವನು ಮತ್ತೆ ಮೈದಾನಕ್ಕಿಳಿದ.

ತಲೆ ಬಾಚಲಾಗದ ತೋಳು

ಅಂದಿನಿಂದ ಸೆಪ್ಟೆಂಬರ್ 24ರವರೆಗೆ, ಸುಮಾರು ಒಂಬತ್ತು ವಾರಗಳಲ್ಲಿ, ಪ್ರಾವಿಡೆನ್ಸ್ ಆಡಿದ ಪಂದ್ಯಗಳು 43. ಅವುಗಳಲ್ಲಿ 40ನ್ನು ಆರಂಭಿಸಿದವನು ರಾಡ್‌ಬರ್ನ್. ಗೆದ್ದದ್ದು 36. ತಂಡ ಸತತ 20 ಗೆದ್ದ ಓಟದೊಳಗೆ ಅವನದೇ ಸತತ 18. ನ್ಯಾಷನಲ್ ಲೀಗಿನಲ್ಲಿ ಭಾನುವಾರ ಆಟ ನಿಷೇಧ. ಆ ತೋಳಿಗೆ ಖಚಿತವಾಗಿ ಸಿಕ್ಕ ವಾರದ ರಜೆ ಅದೊಂದೇ.

ಬೆಳಗ್ಗೆ ಎದ್ದರೆ ಬಲಗೈ ತಲೆಯವರೆಗೆ ಏಳುತ್ತಿರಲಿಲ್ಲ, ಕೂದಲು ಬಾಚಿಕೊಳ್ಳಲೂ ಆಗುತ್ತಿರಲಿಲ್ಲ ಎಂದು ಬ್ಯಾಂಕ್ರಾಫ್ಟ್ ಮುಂದೆ ನೆನಪಿಸಿಕೊಂಡಿದ್ದಾನೆ. ಬಿಸಿ ಬಟ್ಟೆಯ ಕಾವು, ತಿಕ್ಕುವಿಕೆ. ಉಳಿದವರಿಗಿಂತ ಮೊದಲೇ ಮೈದಾನಕ್ಕೆ ಬಂದು ಕೆಲವೇ ಅಡಿ ದೂರಕ್ಕೆ, ಮಗುವಿಗೆ ಎಸೆದ ಹಾಗೆ, ಚೆಂಡು ಎಸೆಯುವುದು. ನೋವಿಗೆ ಮುಖ ಕಿವುಚುತ್ತಲೇ ಒಂದೊಂದು ಹೆಜ್ಜೆ ಹಿಂದೆ ಸರಿಯುವುದು. ಹಾಗೆ ಸರಿಯುತ್ತ ಸರಿಯುತ್ತ ಹೊರಮೈದಾನದ ಆಳಕ್ಕೆ ಹೋಗಿ, ಅಲ್ಲಿಂದ ಬ್ಯಾಟರ್ ನಿಲ್ಲುವ ಜಾಗಕ್ಕೆ ಚೆಂಡು ಮುಟ್ಟಿಸುವಷ್ಟು ಕೈ ಸಡಿಲವಾದಾಗ ಅಂದಿನ ಕೆಲಸಕ್ಕೆ ಸಿದ್ಧ. ಜೊತೆಗಾರರು ತಮ್ಮ ಅಭ್ಯಾಸ ನಿಲ್ಲಿಸಿ ಅದನ್ನೇ ನೋಡುತ್ತಿದ್ದರಂತೆ. ನೋಡದೆ ಇನ್ನೇನು, ಎಲ್ಲರ ಸಂಬಳವೂ ಆ ತೋಳಿನಿಂದಲೇ ನೇತಾಡುತ್ತಿತ್ತು.

ಇದರ ಪಕ್ಕದಲ್ಲಿ ಇನ್ನೊಂದು ಕಥೆ ಓಡಾಡುತ್ತದೆ. ದಣಿವಾಗುವುದಿಲ್ಲವೇ ಎಂದು ಯಾರೋ ಕೇಳಿದರಂತೆ. ಅದಕ್ಕೆ ಇವನು, ಮುಂಜಾನೆ ನಾಲ್ಕರಿಂದ ರಾತ್ರಿ ಎಂಟರವರೆಗೆ ಭಾರದ ಸುತ್ತಿಗೆಯಲ್ಲಿ ಹೋರಿಗಳನ್ನು ಕೆಡವುತ್ತಿದ್ದವನು ನಾನು, ಎರಡು ಗಂಟೆ ಚೆಂಡೆಸೆದು ಹತ್ತು ಪಟ್ಟು ದುಡ್ಡು ಎಣಿಸುವುದರಲ್ಲಿ ದಣಿವೆಂಥದ್ದು ಅಂದನಂತೆ. ಕೇಳಲು ಚೆನ್ನಾಗಿದೆ. ತೀರಾ ಚೆನ್ನಾಗಿದೆ ಎಂಬುದೇ ನನಗಿರುವ ತಕರಾರು. ಬಾಚಣಿಗೆ ಎತ್ತಲಾಗದ ಕೈಯನ್ನು ನಾನು ಹೆಚ್ಚು ನಂಬುತ್ತೇನೆ.

ಹಾಗಾದರೆ ಆ ಕೈ ಅಷ್ಟು ದಿನ ಹೇಗೆ ತಾಳಿತು? ಇಂದಿನ ಕಣ್ಣಿನಿಂದ ನೋಡಿದರೆ ಇದು ಅಸಾಧ್ಯ. ಆದರೆ ಆಟವೇ ಬೇರೆಯಾಗಿತ್ತು. ಈಗ ಪಿಚರ್ ನಿಲ್ಲುವುದು 60 ಅಡಿ 6 ಅಂಗುಲ ದೂರದ ಮಣ್ಣಿನ ದಿಬ್ಬದ ಮೇಲೆ. ಆಗ ದಿಬ್ಬ ಇರಲಿಲ್ಲ. ಸಪಾಟು ನೆಲದಲ್ಲಿ ಗೀಟು ಹಾಕಿದ ಚೌಕ, ಅದರ ಮುಂದಿನ ಅಂಚು ಬ್ಯಾಟರ್‌ನಿಂದ 50 ಅಡಿ. ಚೌಕದೊಳಗೆ ಹೆಜ್ಜೆ ಹಾಕಿ ಬಂದು ಎಸೆಯಬಹುದಿತ್ತು. ನಮ್ಮ ಬೌಲರ್‌ನ ಚಿಕ್ಕ ಓಟದಂತೆ ಅಂದುಕೊಳ್ಳಿ. ಚೆಂಡು ಎತ್ತರಕ್ಕೆ ಬೇಕೋ ತಗ್ಗಿಗೆ ಬೇಕೋ ಎಂದು ಬ್ಯಾಟರ್ ಕೇಳಿ ಪಡೆಯುವ ಹಕ್ಕೂ ಇತ್ತು. ಆರು ಚೆಂಡು ದಾರಿ ತಪ್ಪಿದ ಮೇಲೆ ಮಾತ್ರ ಅವನು ಪುಕ್ಕಟೆ ಮೊದಲ ಬೇಸ್‌ಗೆ ಹೋಗುತ್ತಿದ್ದ. ತೋಳನ್ನು ಭುಜದ ಮೇಲಿಂದ ಬೀಸಿ ಎಸೆಯಲು ನ್ಯಾಷನಲ್ ಲೀಗ್ ಅನುಮತಿ ಕೊಟ್ಟದ್ದೇ ಆ ವರ್ಷ. ಪ್ರತಿ ಚೆಂಡಿಗೂ ಪೂರ್ತಿ ಬಲ ಸುರಿಯಬೇಕೆಂಬ ಒತ್ತಾಯ ಇರಲಿಲ್ಲ. ವೇಗ ಏರಿಸಿ ಇಳಿಸಿ, ತಿರುವು ಕೊಟ್ಟು, ಮುಖ್ಯ ಗಳಿಗೆಗೆ ಬಲ ಉಳಿಸಿಕೊಳ್ಳುವುದರಲ್ಲಿ ರಾಡ್‌ಬರ್ನ್ ಪಳಗಿದವನು.

ಋತುವಿನ ಒಟ್ಟು ಲೆಕ್ಕ: 678 ಇನಿಂಗ್ಸ್ ಮುಗಿದು ಮೇಲೆ ಎರಡು ಔಟ್, ಅಂದರೆ 2036 ಔಟ್‌ಗಳು. 73 ಪಂದ್ಯ ಆರಂಭಿಸಿ 73ನ್ನೂ ತಾನೇ ಮುಗಿಸಿದ. 441 ಸ್ಟ್ರೈಕ್‌ಔಟ್. ಒಂಬತ್ತು ಇನಿಂಗ್ಸ್‌ಗೆ ಅವನ ಖಾತೆಗೆ ಬಿದ್ದ ರನ್ 1.38. ಆದರೆ ಒಂದು ಮಾತು. 1879ರಲ್ಲಿ ಸಿನ್ಸಿನಾಟಿಯ ವಿಲ್ ವೈಟ್ 680 ಇನಿಂಗ್ಸ್ ಎಸೆದಿದ್ದ. ಇದೇ 1884ರಲ್ಲಿ ಬಫಲೋದ ಪಡ್ ಗ್ಯಾಲ್ವಿನ್ 636 ಎಸೆದ. ಬಾಸ್ಟನ್‌ನ ಚಾರ್ಲಿ ಬಫಿಂಟನ್ 48 ಪಂದ್ಯ ಗೆದ್ದ. ಹೊರೆ ಎಲ್ಲರಿಗೂ ಇತ್ತು. ರಾಡ್‌ಬರ್ನ್‌ನ ಹೊರೆ ಬೇರೆಯಾದದ್ದು ಅದು ಒಂಬತ್ತು ವಾರಕ್ಕೆ ಒತ್ತಿ ತುಂಬಿದ್ದರಿಂದ. ಹಾಗೆ ತುಂಬಿದ್ದು ಕರಾರು.

ಪ್ರಶಸ್ತಿಗೆ ಪೈಪೋಟಿ ನಡೆಸುತ್ತಿದ್ದ ಬಾಸ್ಟನ್‌ನ ಬಾಗಿಲು ಮುಚ್ಚಿದ್ದು ಆಗಸ್ಟ್ ಎರಡನೇ ವಾರದಲ್ಲಿ. 9ನೇ ತಾರೀಕು ಅವರ ಮೈದಾನದಲ್ಲೇ ಬಫಿಂಟನ್ ಎದುರು ಹತ್ತು ಇನಿಂಗ್ಸ್ ಕಳೆದರೂ ಎರಡೂ ಕಡೆ ಸೊನ್ನೆ. ಹನ್ನೊಂದನೆಯದರಲ್ಲಿ ಆರ್ಥರ್ ಇರ್ವಿನ್ ಹೊಡೆದ ಚೆಂಡು ಬೇಲಿಯ ತೂತಿನಲ್ಲಿ ನುಸುಳಿ ಆಚೆ ಹೋಯಿತು. 1-0. ಮುಂದಿನ ಐದು ದಿನಗಳಲ್ಲಿ ಬಾಸ್ಟನ್ ಇನ್ನೂ ಮೂರು ಸಲ ಸೋತಿತು, ಪ್ರತಿ ಸಲವೂ ಎದುರಿಗಿದ್ದವನು ಇದೇ ಮುದಿ ಕುದುರೆ. ಋತು ಮುಗಿದಾಗ ಪ್ರಾವಿಡೆನ್ಸ್ 84 ಗೆದ್ದು 28 ಸೋತಿತ್ತು, ಬಾಸ್ಟನ್ ಹತ್ತೂವರೆ ಪಂದ್ಯ ಹಿಂದೆ.

ಅಕ್ಟೋಬರ್‌ನಲ್ಲಿ ಎದುರಾಳಿ ಲೀಗಾದ ಅಮೆರಿಕನ್ ಅಸೋಸಿಯೇಷನ್‌ನ ಚಾಂಪಿಯನ್ ನ್ಯೂಯಾರ್ಕ್ ಮೆಟ್ರೊಪಾಲಿಟನ್ಸ್ ಜೊತೆ ಮೂರು ಪಂದ್ಯಗಳ ಸರಣಿ ನಡೆಯಿತು. 6-0, 3-1, 12-2. ಮೂರನ್ನೂ ಎಸೆದವನು ಅವನೇ. ಚಳಿಗೆ ಹೆದರಿ ಕೊನೆಯ ಪಂದ್ಯಕ್ಕೆ ಬಂದವರು ಕೆಲವೇ ನೂರು ಜನ.

ಲೆಕ್ಕಪತ್ರ

59ಓ 60ಓ? ತಕರಾರು ಜುಲೈ 28ರ ಪಂದ್ಯದ್ದು. ಫಿಲಡೆಲ್ಫಿಯಾ ವಿರುದ್ಧ ಮೊದಲ ಐದು ಇನಿಂಗ್ಸ್ ಎಸೆದವನು ಮಿಲ್ಲರ್, ಕೊನೆಯ ನಾಲ್ಕು ರಾಡ್‌ಬರ್ನ್. ಇಂದಿನ ನಿಯಮ ಹಚ್ಚಿದರೆ ಗೆಲುವು ಮಿಲ್ಲರ್‌ಗೆ ಸೇರಬೇಕು. 1884ರಲ್ಲಿ ಪಿಚರ್‌ನ ಗೆಲುವು ಎಂಬ ಅಧಿಕೃತ ಕಲಮೇ ಇರಲಿಲ್ಲ. ತಾನು 60ನೆಯದಕ್ಕೋಸ್ಕರ ಎಸೆಯುತ್ತಿದ್ದೇನೆ ಎಂಬ ಕಲ್ಪನೆ ರಾಡ್‌ಬರ್ನ್‌ಗೆ ಬಂದಿರಲು ಸಾಧ್ಯವಿಲ್ಲ. ಅವನು ಎಣಿಸುತ್ತಿದ್ದುದು ಋತು ಮುಗಿಯುವ ದಿನವನ್ನು.

ಆ ದಿನ ಬಂದಾಗ ನಡೆದದ್ದು ವಿಚಿತ್ರ. ಹೋಗಲು ದಾರಿ ತೆರೆದಿತ್ತು, ಆದರೂ ಅವನು 1885ಕ್ಕೆ ಪ್ರಾವಿಡೆನ್ಸ್ ಜೊತೆಯಲ್ಲೇ ಸಹಿ ಹಾಕಿದ. ಬಿಡುಗಡೆ ಕೈಯಲ್ಲಿದ್ದುಕೊಂಡು ಉಳಿಯುವುದಕ್ಕೂ ಕಟ್ಟಿಹಾಕಿದ್ದರಿಂದ ಉಳಿಯುವುದಕ್ಕೂ ವ್ಯತ್ಯಾಸವಿದೆ ಎಂದು ಇದನ್ನು ನಾನು ಓದಿಕೊಳ್ಳುತ್ತೇನೆ. ಆದರೆ ಹೊಸ ಸಹಿಯ ಜೊತೆ ಹಳೆಯ ಹಗ್ಗವೂ ವಾಪಸ್ ಬಂತು. 1885ರಲ್ಲಿ 28 ಗೆದ್ದ, 21 ಸೋತ. ತಂಡದ ಹುಂಡಿ ಬರಿದಾಯಿತು. ಆ ನವೆಂಬರ್‌ನಲ್ಲಿ ಬಾಸ್ಟನ್ ಇಡೀ ಪ್ರಾವಿಡೆನ್ಸ್ ತಂಡವನ್ನೇ ಕೊಂಡುಕೊಂಡಿತು. ಕೊಂಡ ಸಾಮಾನಿನಲ್ಲಿ ರಾಡ್‌ಬರ್ನ್ ಒಂದು.

1890ರಲ್ಲಿ ಆಟಗಾರರೇ ಬಂಡೆದ್ದು ತಮ್ಮದೊಂದು ಲೀಗ್ ಕಟ್ಟಿದರು. ಮುಂದಾಳು ವಕೀಲಿ ಓದಿದ ಜಾನ್ ಮಾಂಟ್ಗೊಮರಿ ವಾರ್ಡ್, ಆ ಹದಿನೆಂಟು ಇನಿಂಗ್ಸ್‌ನ ಹಳೆಯ ಜೊತೆಗಾರ. 35ರ ರಾಡ್‌ಬರ್ನ್ ಅಲ್ಲಿಗೆ ಹೋದ, 27 ಗೆದ್ದ, ಅವನ ತಂಡ ಚಾಂಪಿಯನ್ ಆಯಿತು. ಆ ಲೀಗೂ ಒಂದೇ ವರ್ಷಕ್ಕೆ ಮುಗಿಯಿತು. 1891ರಲ್ಲಿ ಸಿನ್ಸಿನಾಟಿಯಲ್ಲಿ 11 ಗೆದ್ದು ಆಟ ಬಿಟ್ಟ. ಬ್ಲೂಮಿಂಗ್ಟನ್‌ಗೆ ಮರಳಿ ಬಿಲಿಯರ್ಡ್ಸ್ ಮೇಜುಗಳಿದ್ದ ಹೆಂಡದಂಗಡಿ ನಡೆಸಿದ. ಬೇಟೆಯಲ್ಲಿ ಗುಂಡು ತಗುಲಿ ಒಂದು ಕಣ್ಣು ಹೋಯಿತು. ಆಮೇಲೆ ಜನರಿಗೆ ಮುಖ ತೋರಿಸಲೊಲ್ಲದೆ ಅಂಗಡಿಯ ಹಿಂದಿನ ಕೋಣೆಯಲ್ಲೇ ಕೂರುತ್ತಿದ್ದ. 1897ರ ಫೆಬ್ರವರಿ 5ರಂದು ಸತ್ತಾಗ ವಯಸ್ಸು 42. ಸ್ವೀನಿ ಸ್ಯಾನ್ ಫ್ರಾನ್ಸಿಸ್ಕೋದ ಹೆಂಡದಂಗಡಿಯೊಂದರ ಜಗಳದಲ್ಲಿ ಒಬ್ಬನನ್ನು ಕೊಂದು ಜೈಲು ಸೇರಿದ, ಅವನೂ ನಲವತ್ತು ಕಾಣಲಿಲ್ಲ.

1939ರಲ್ಲಿ ರಾಡ್‌ಬರ್ನ್‌ನನ್ನು ಬೇಸ್‌ಬಾಲ್ ದಿಗ್ಗಜರ ಗೌರವಮಂದಿರವಾದ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಕೂಪರ್ಸ್‌ಟೌನ್‌ನ ಆ ಮಂದಿರದಲ್ಲಿರುವ ಅವನ ಫಲಕ ಋತುವಿನ ಕೊನೆಯ 27 ಪಂದ್ಯ ಎಸೆದು 26 ಗೆದ್ದ ಎನ್ನುತ್ತದೆ, ಹೆಸರಿನ ಕೊನೆಗೆ ಬೇಡದ ಒಂದು ಅಕ್ಷರ ಅಂಟಿಸಿದೆ, ಅಮಾನತು ಮತ್ತು ಕರಾರಿನ ಸುದ್ದಿ ಎತ್ತುವುದಿಲ್ಲ.

ಅದಕ್ಕಿಂತ ನನಗೆ ಇಷ್ಟ ಒಂದು ಫೋಟೋ. 1886ರ ವಸಂತ, ನ್ಯೂಯಾರ್ಕ್‌ನ ಪೋಲೊ ಗ್ರೌಂಡ್ಸ್, ಋತುವಿನ ಮೊದಲ ದಿನ. ಬಾಸ್ಟನ್ ಕೊಂಡು ಆರು ತಿಂಗಳಾಗಿಲ್ಲ. ಎರಡೂ ತಂಡಗಳು ಸಾಲಾಗಿ ನಿಂತು ಕೂತು ಕ್ಯಾಮೆರಾ ನೋಡುತ್ತಿವೆ, ಎಲ್ಲರದೂ ಗಂಭೀರ ಮುಖ. ಬಾಸ್ಟನ್ ಸಾಲಿನ ಅಂಚಿನಲ್ಲಿ ಮೀಸೆಯ ರಾಡ್‌ಬರ್ನ್, ಪಕ್ಕದವನ ಹೆಗಲ ಮೇಲೆ ಕೈಯಿಟ್ಟಿದ್ದಾನೆ. ಆ ಕೈಯ ನಡುಬೆರಳು ಮಾತ್ರ ನೆಟ್ಟಗೆ ನಿಂತಿದೆ.